56,000 ಮತ್ತು 56,100 ಒಂದೇ ಅಲ್ಲ: ವಿವಿ ಲ್ಯಾಬಿನ ಟೆಕ್ ಕೆಲಸಗಳ ಸಂಬಳ ಹೋಲಿಸೋದು ಹೇಗೆ

ನಮ್ಮ ಲ್ಯಾಬಿನಲ್ಲಿ ಕಂಪ್ಯೂಟರ್ ಕೆಲಸ ಇದೆ, ಬರ್ತೀರಾ ಅಂತ ಯಾರಾದರೂ ಪ್ರೊಫೆಸರ್ ಕರೆದರೆ ಮೊದಲೇ ಸಂಬಳ ಎಷ್ಟು ಅಂತ ಕೇಳಬೇಡಿ. ಯಾರ ಗಂಟಿನಿಂದ ಬರುತ್ತೆ ಅಂತ ಕೇಳಿ. ಸಂಸ್ಥೆಯ ಗಂಟಾ, ಪ್ರಾಜೆಕ್ಟಿನ ಗಂಟಾ, ಏಜೆನ್ಸಿ ಕೈಯಿಂದಾನಾ? ಇದೊಂದು ಗೊತ್ತಾದರೆ ಉಳಿದ ಲೆಕ್ಕದಲ್ಲಿ ಮುಕ್ಕಾಲು ಭಾಗ ತಾನಾಗೇ ಗೊತ್ತಾಗುತ್ತೆ.

ಯಾವ ಕೆಲಸದ ಬಗ್ಗೆ ಮಾತಾಡ್ತಿದ್ದೀನಿ ಅಂದರೆ, ಲ್ಯಾಬಿನ ಕ್ಲಸ್ಟರ್, ಅಂದರೆ ಒಟ್ಟಿಗೆ ಜೋಡಿಸಿಟ್ಟ ಕಂಪ್ಯೂಟರುಗಳ ಗುಂಪು ನೋಡಿಕೊಳ್ಳುವವರು, ಪಿಎಚ್‌ಡಿ ಹುಡುಗರು ಬರೆದಿಟ್ಟು ಹೋದ ಕೋಡನ್ನು ಇನ್ನೊಬ್ಬರ ಮೆಷಿನ್ನಿನಲ್ಲೂ ಓಡೋ ಹಾಗೆ ಮಾಡುವವರು, ಮೈಕ್ರೋಸ್ಕೋಪು ಸೀಕ್ವೆನ್ಸರುಗಳಿಂದ ಬಂದು ಬೀಳೋ ಡೇಟಾಗೆ ಜಾಗ ಹೊಂದಿಸುವವರು. ಬ್ರಿಟನ್ನಿನಲ್ಲಿ ಇಂಥವರಿಗೆ 2012ರ ಹೊತ್ತಿಗೆ ರಿಸರ್ಚ್ ಸಾಫ್ಟ್‌ವೇರ್ ಇಂಜಿನಿಯರ್ ಅಂತ ಹೆಸರು ಬಂತು. ನಮ್ಮಲ್ಲಿ ಆ ಹೆಸರಿನ ಹುದ್ದೆ ಹುಡುಕಿದರೆ ಸಿಗೋದೇ ಅಪರೂಪ. ಅದೇ ಕೆಲಸ ಮಾಡುವ ಒಬ್ಬರು ಪ್ರಾಜೆಕ್ಟ್ ಅಸೋಸಿಯೇಟ್, ಪಕ್ಕದ ಕುರ್ಚಿಯವರು ಟೆಕ್ನಿಕಲ್ ಅಸಿಸ್ಟೆಂಟ್, ಅದರಾಚೆಯವರು ಏಜೆನ್ಸಿ ಕಳಿಸಿದ ಸಿಸ್ಟಮ್ ಇಂಜಿನಿಯರ್. ಮೂವರೂ ಒಂದೇ ಸರ್ವರ್‌ಗೆ ಲಾಗಿನ್ ಆಗ್ತಾರೆ, ತಿಂಗಳ ಕೊನೆಗೆ ಬ್ಯಾಂಕಿಗೆ ಬೀಳೋ ದುಡ್ಡು ಮಾತ್ರ ಬೇರೆ ಬೇರೆ. ಇಲ್ಲಿ ಸಂಬಳ ಅಂಟಿಕೊಂಡಿರೋದು ಹುದ್ದೆಯ ಹೆಸರಿಗೆ, ಕೆಲಸಕ್ಕಲ್ಲ.

ಪ್ರಾಜೆಕ್ಟ್ ಹುದ್ದೆ

ಸುಲಭವಾಗಿ ಸಿಗೋದು ಇದೇ. ಪ್ರೊಫೆಸರಿಗೆ ಸಂಶೋಧನೆಗೆ ದುಡ್ಡು ಕೊಡೋ ಕೇಂದ್ರದ ಡಿಎಸ್‌ಟಿ (ವಿಜ್ಞಾನ ತಂತ್ರಜ್ಞಾನ ಇಲಾಖೆ), ಡಿಬಿಟಿ (ಜೈವಿಕ ತಂತ್ರಜ್ಞಾನ ಇಲಾಖೆ) ಅಥವಾ ಈಗಿನ ಎಎನ್‌ಆರ್‌ಎಫ್‌ನಿಂದ ಪ್ರಾಜೆಕ್ಟ್ ಮಂಜೂರಾಗುತ್ತೆ, ಅದರಲ್ಲಿ ಮ್ಯಾನ್‌ಪವರ್ ಅಂತ ಒಂದು ತಲೆಬರಹ ಇರುತ್ತೆ, ನಿಮ್ಮ ಸಂಬಳ ಅದರ ಕೆಳಗೆ. ದರ ಪ್ರೊಫೆಸರ್ ಇಷ್ಟದಂತೆ ಅಲ್ಲ. 2020ರ ಜುಲೈನಲ್ಲಿ ಡಿಎಸ್‌ಟಿ ಒಂದು ಆದೇಶ ಹೊರಡಿಸಿ ಪ್ರಾಜೆಕ್ಟ್ ಹುದ್ದೆಗಳಿಗೆಲ್ಲ ದರ ಕಟ್ಟಿತು. ಅದರ ಪ್ರಕಾರ ಪ್ರಾಜೆಕ್ಟ್ ಅಸೋಸಿಯೇಟ್-1ಕ್ಕೆ ಗೇಟ್ ಅಥವಾ ನೆಟ್ ಪರೀಕ್ಷೆ ಪಾಸಾಗಿದ್ದರೆ 31,000, ಇಲ್ಲದಿದ್ದರೆ 25,000. ಪ್ರಾಜೆಕ್ಟ್ ಸೈಂಟಿಸ್ಟ್-1ಕ್ಕೆ 56,000, ಸೈಂಟಿಸ್ಟ್-2ಕ್ಕೆ 67,000, ಸೈಂಟಿಸ್ಟ್-3ಕ್ಕೆ 78,000. ಇದರ ಮೇಲೆ ಎಚ್‌ಆರ್‌ಎ, ಅಂದರೆ ಮನೆ ಬಾಡಿಗೆ ಭತ್ಯೆ. ಅಷ್ಟೇ. ಡಿಎ, ಅಂದರೆ ತುಟ್ಟಿಭತ್ಯೆ ಇಲ್ಲ.

ಗೇಟ್ ಸ್ಕೋರ್ ಎಂಟೆಕ್ ಸೀಟಿಗೆ ಮಾತ್ರ ಅಂದುಕೊಂಡು ಡ್ರಾಯರಿನಲ್ಲಿ ಇಟ್ಟವರು ಗಮನಿಸಿ, ಒಂದೇ ಮೇಜು, ಒಂದೇ ಕೆಲಸ, ಆ ಕಾಗದ ಒಂದಕ್ಕೆ ತಿಂಗಳಿಗೆ 6,000 ವ್ಯತ್ಯಾಸ, ಎಚ್‌ಆರ್‌ಎ ಸೇರಿಸಿದರೆ ಇನ್ನೂ ಜಾಸ್ತಿ.

ಎಚ್‌ಆರ್‌ಎ ಊರಿನ ಮೇಲೆ. ಬೆಂಗಳೂರು ಎಕ್ಸ್ ವರ್ಗದ ನಗರ, ಈಗ ಕೇಂದ್ರದ ಲೆಕ್ಕದಲ್ಲಿ ಶೇ 30. ಮೈಸೂರು, ಮಂಗಳೂರು, ಬೆಳಗಾವಿ, ಹುಬ್ಬಳ್ಳಿ-ಧಾರವಾಡ, ಕಲಬುರಗಿ ವೈ ವರ್ಗ, ಶೇ 20. ಉಳಿದ ಕಡೆ ಶೇ 10. ಕ್ಯಾಂಪಸ್ಸಿನಲ್ಲಿ ಹಾಸ್ಟೆಲ್ ಕೊಟ್ಟರೆ ಎಚ್‌ಆರ್‌ಎ ಹೋಯಿತು, ಆದರೂ ಬೆಂಗಳೂರಿನಲ್ಲಿ ಯಶವಂತಪುರ, ಮಲ್ಲೇಶ್ವರದ ಬಾಡಿಗೆ ನೋಡಿದರೆ ಹಾಸ್ಟೆಲ್ಲೇ ಲಾಭ.

2023ರ ಜನವರಿಯಿಂದ ಪಿಎಚ್‌ಡಿಯವರ ಜೆಆರ್‌ಎಫ್ ಫೆಲೋಶಿಪ್ 31,000ದಿಂದ 37,000ಕ್ಕೆ ಏರಿದ್ದು ನೆನಪಿರಬಹುದು. ಪ್ರಾಜೆಕ್ಟ್ ದರಗಳೂ ಅದರ ಬೆನ್ನು ಹಿಡಿದೇ ಓಡುತ್ತವೆ, ಆದರೆ ಉಸಿರು ಕಟ್ಟಿಕೊಂಡು, ಹಿಂದೆ ಹಿಂದೆ. ಹಳೇ ದರದಲ್ಲಿ ಬಜೆಟ್ ಮಾಡಿ ಮಂಜೂರಾದ ಪ್ರಾಜೆಕ್ಟಾದರೆ ಹೊಸ ದರ ಕೊಡೋಕೆ ಪ್ರೊಫೆಸರ್ ಕೈಲಿ ದುಡ್ಡೇ ಇರಲ್ಲ. ಹಾಗಾಗಿ ಜಾಹೀರಾತಿನಲ್ಲಿ ಬರೆದಿರೋದು ಯಾವ ವರ್ಷದ ಆದೇಶದ ದರ ಅಂತ ಕೇಳೋದರಲ್ಲಿ ನಾಚಿಕೆ ಏನೂ ಇಲ್ಲ.

ಇನ್ನು ನೇಮಕಾತಿ ಪತ್ರ. ಅದರಲ್ಲಿ 'ಕೋ-ಟರ್ಮಿನಸ್' ಅನ್ನೋ ಮಾತು ಸಾಮಾನ್ಯವಾಗಿ ಇದ್ದೇ ಇರುತ್ತೆ. ಪ್ರಾಜೆಕ್ಟ್ ಮುಗಿದ ದಿನ ನೀವೂ ಮುಗಿದಿರಿ ಅಂತ. ಆರು ತಿಂಗಳಿಗೋ ವರ್ಷಕ್ಕೋ ಒಂದು ಸಲ ಮುಂದುವರಿಕೆ, ಎಷ್ಟೋ ಕಡೆ ನಡುವೆ ಒಂದು ದಿನದ ಬ್ರೇಕ್. ಆ ಒಂದು ದಿನ ಯಾಕೆ ಅಂತ ಎಚ್‌ಆರ್‌ನವರು ಹೇಳಲ್ಲ, ನಾನು ಹೇಳ್ತೀನಿ: ಸತತ ಸೇವೆ ಅಂತ ನಾಳೆ ನೀವು ಕ್ಲೇಮ್ ಮಾಡಬಾರದು ಅಂತ. ಇಲ್ಲಿ ಉಮಾದೇವಿ ತೀರ್ಪಿನ ಮಾತು ಬಂದೇ ಬರುತ್ತೆ. 2006ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ ಕೊಟ್ಟದ್ದು, ಕೇಸು ಶುರುವಾಗಿದ್ದು ನಮ್ಮ ಕರ್ನಾಟಕದಲ್ಲೇ. ನೇಮಕಾತಿ ನಿಯಮದಂತೆ ಬರದ ತಾತ್ಕಾಲಿಕ ನೌಕರರು ಎಷ್ಟು ವರ್ಷ ಕೆಲಸ ಮಾಡಿದರೂ ಕಾಯಂ ಮಾಡಿ ಅಂತ ಹಕ್ಕಿನಿಂದ ಕೇಳುವಂತಿಲ್ಲ ಅನ್ನೋದು ಅದರ ಸಾರ. 2024ರ ಡಿಸೆಂಬರ್‌ನಲ್ಲಿ ಅದೇ ಕೋರ್ಟು ಇನ್ನೊಂದು ಕೇಸಿನಲ್ಲಿ, ಆ ತೀರ್ಪನ್ನು ಗುರಾಣಿ ಮಾಡಿಕೊಂಡು ವರ್ಷಗಟ್ಟಲೆ ದುಡಿದವರನ್ನು ಹೊರಗೆ ಹಾಕಬೇಡಿ ಅಂತ ಸರಕಾರಕ್ಕೆ ಬುದ್ಧಿ ಹೇಳಿದೆ. ಆದರೆ ಗಡುವು ಇಟ್ಟು ಮಂಜೂರಾಗುವ ಪ್ರಾಜೆಕ್ಟಿನವರಿಗೆ ಅದರಿಂದ ದೊಡ್ಡ ಆಸರೆ ಸಿಗುತ್ತೆ ಅಂತ ನಂಬಿ ಕೂರಬೇಡಿ. 'ಇರಿ, ಮುಂದೆ ಪರ್ಮನೆಂಟ್ ಮಾಡಿಸೋಣ' ಅಂತ ಪ್ರೊಫೆಸರ್ ಹೇಳಿದರೆ ಅವರ ಮನಸ್ಸು ಒಳ್ಳೇದೇ ಇರಬಹುದು. ಅವರ ಕೈಲಿ ಆ ಅಧಿಕಾರ ಇಲ್ಲ, ಅಷ್ಟೇ.

ಸಂಬಳ ತಡ ಆಗೋದು ಇನ್ನೊಂದು ಕಾಟ. ಪ್ರಾಜೆಕ್ಟಿನ ಮುಂದಿನ ಕಂತು ಬರಬೇಕಾದರೆ ಹಿಂದಿನ ಕಂತಿನ ಯುಸಿ ಹೋಗಬೇಕು, ಅಂದರೆ ದುಡ್ಡು ಹೀಗೆ ಖರ್ಚಾಯಿತು ಅನ್ನೋ ಪತ್ರ. ಮಾರ್ಚ್ ಮುಗಿಯುತ್ತೆ, ಲೆಕ್ಕ ಕ್ಲೋಸ್ ಆಗುತ್ತೆ, ಯುಸಿ ಹೋಗುತ್ತೆ, ದಿಲ್ಲಿಯಲ್ಲಿ ಫೈಲ್ ಕೂರುತ್ತೆ. ನನಗೆ ಗೊತ್ತಿರೋ ಒಬ್ಬಳು ಹುಡುಗಿ ಇಡೀ ಬೇಸಿಗೆ ಹೀಗೆ ಕಳೆದಳು, ಆಗಸ್ಟ್‌ನಲ್ಲಿ ಹಳೇ ಬಾಕಿಯೆಲ್ಲ ಒಟ್ಟಿಗೆ ಬಂತು, ಅಷ್ಟರಲ್ಲಿ ಪಿಜಿ ಬಾಡಿಗೆಗೆ ತಂಗಿ ಹತ್ರ ಕೈಚಾಚಿಯಾಗಿತ್ತು. ಸಂಸ್ಥೆ ತನ್ನ ಕೈಯಿಂದ ಮುಂಗಡ ಕೊಟ್ಟು ಆಮೇಲೆ ಸರಿ ಮಾಡಿಕೊಳ್ಳೋ ಪದ್ಧತಿ ಕೆಲವು ಕಡೆ ಇದೆ. ಸೇರುವ ಮುಂಚೆ ಅದೇ ಲ್ಯಾಬಿನಲ್ಲಿ ಈಗಿರುವವರನ್ನು ಕ್ಯಾಂಟೀನಿಗೆ ಕರೆದು, ಹೋದ ವರ್ಷ ಏಪ್ರಿಲ್ ಮೇ ಜೂನ್ ಸಂಬಳ ಯಾವಾಗ ಬಂತು ಅಂತ ಕೇಳಿ. ಇಂಟರ್‌ವ್ಯೂನಲ್ಲಿ ಸಿಗದ ಉತ್ತರ ಅಲ್ಲಿ ಸಿಗುತ್ತೆ.

ಕಾಯಂ ಹುದ್ದೆ, ಮತ್ತು ಆ ನೂರು ರೂಪಾಯಿ

ಈಗ ತಲೆಬರಹದ ಲೆಕ್ಕಕ್ಕೆ ಬರೋಣ. ಏಳನೇ ವೇತನ ಆಯೋಗದ ಪಟ್ಟಿಯಲ್ಲಿ ಲೆವೆಲ್ 10ರ ಮೊದಲ ಬೇಸಿಕ್ 56,100. ಐಐಎಸ್‌ಸಿ, ಐಐಟಿ, ಎನ್‌ಐಟಿಯಂಥ ಕೇಂದ್ರದ ಸಂಸ್ಥೆಗಳಲ್ಲಿ ಟೆಕ್ನಿಕಲ್ ಆಫೀಸರ್ ಮಟ್ಟದ ಹುದ್ದೆಗಳು ಸಾಮಾನ್ಯವಾಗಿ ಇಲ್ಲಿ ಶುರು. ಪ್ರಾಜೆಕ್ಟ್ ಸೈಂಟಿಸ್ಟ್-1ರ 56,000ಕ್ಕೂ ಇದಕ್ಕೂ ಕಾಗದದ ಮೇಲೆ ನೂರು ರೂಪಾಯಿ ಫರಕು.

ಬೆಂಗಳೂರಿಗೆ ಲೆಕ್ಕ ಹಾಕಿ. ಪ್ರಾಜೆಕ್ಟಿನವರಿಗೆ 2020ರ ದರದಲ್ಲಿ 56,000, ಅದರ ಶೇ 30 ಎಚ್‌ಆರ್‌ಎ 16,800, ಒಟ್ಟು 72,800. ಕಾಯಂನವರಿಗೆ ಬೇಸಿಕ್ 56,100, ಅದರ ಮೇಲೆ ಡಿಎ, 2025ರ ಜುಲೈ ದರದಲ್ಲಿ ಶೇ 58, ಅಂದರೆ 32,538. ಎಚ್‌ಆರ್‌ಎ 16,830. ಓಡಾಟದ ಭತ್ಯೆ 7,200, ಅದಕ್ಕೂ ಡಿಎ ಸೇರಿ 11,376. ಒಟ್ಟು 1,16,844. ಇಷ್ಟಕ್ಕೇ ನಿಲ್ಲಲ್ಲ, ಎನ್‌ಪಿಎಸ್ ಅನ್ನೋ ಪೆನ್ಷನ್ ಖಾತೆಗೆ ಬೇಸಿಕ್ ಮತ್ತು ಡಿಎ ಮೇಲೆ ಶೇ 14 ಸಂಸ್ಥೆಯೇ ಹಾಕುತ್ತೆ, ಅದು 12,400 ಚಿಲ್ಲರೆ. ನಿಮ್ಮ ಸಂಬಳದಿಂದಲೂ ಶೇ 10 ಹಿಡಿಯುತ್ತಾರೆ, ಸುಮಾರು 8,860, ಕೈಗೆ ಅಷ್ಟು ಕಮ್ಮಿ ಬರುತ್ತೆ, ಆದರೆ ಆ ದುಡ್ಡು ನಿಮ್ಮದೇ.

ಈಗ ಕೆಳಗಿನ ಮೆಟ್ಟಿಲು ನೋಡಿ, ನನಗಂತೂ ಇದೇ ಜಾಸ್ತಿ ಆಶ್ಚರ್ಯ. ಟೆಕ್ನಿಕಲ್ ಅಸಿಸ್ಟೆಂಟ್ ಹುದ್ದೆ ಸಾಮಾನ್ಯವಾಗಿ ಲೆವೆಲ್ 6, ಬೇಸಿಕ್ 35,400. ಡಿಎ 20,532, ಎಚ್‌ಆರ್‌ಎ 10,620, ಓಡಾಟದ ಭತ್ಯೆ ಡಿಎ ಸೇರಿ 5,688. ಕೂಡಿದರೆ 72,240. ಸೈಂಟಿಸ್ಟ್ ಅಂತ ಬೋರ್ಡು ಹಾಕಿಕೊಂಡ ಪ್ರಾಜೆಕ್ಟ್ ಹುದ್ದೆಯೂ, ಕಾಯಂ ಅಸಿಸ್ಟೆಂಟೂ ತಿಂಗಳ ಲೆಕ್ಕದಲ್ಲಿ ಸಮ ಸಮ! ಮನೆಯಲ್ಲಿ ಹೇಳಿಕೊಳ್ಳೋಕೆ ಸೈಂಟಿಸ್ಟ್ ಚೆನ್ನಾಗಿರುತ್ತೆ, ಬ್ಯಾಂಕಿನವರು ಹೋಮ್ ಲೋನ್ ಕೊಡೋದು ಅಸಿಸ್ಟೆಂಟಿಗೆ.

ಕಾಲ ಕಳೆದಂತೆ ಅಂತರ ದೊಡ್ಡದಾಗುತ್ತೆ. ಕಾಯಂ ಆದವರಿಗೆ ವರ್ಷಕ್ಕೆ ಶೇ 3 ಇನ್‌ಕ್ರಿಮೆಂಟು, ಆರು ತಿಂಗಳಿಗೊಮ್ಮೆ ಡಿಎ ಪರಿಷ್ಕರಣೆ, ಮುಂದೆ ಎಂಟನೇ ವೇತನ ಆಯೋಗ, ಅದಕ್ಕೆ ವರದಿ ಕೊಡೋಕೆ 18 ತಿಂಗಳ ಗಡುವು ಇದೆ. ಪ್ರಾಜೆಕ್ಟಿನವರಿಗೆ ಹೊಸ ಆದೇಶ ಬರುವ ತನಕ ಅದೇ ಅಂಕಿ.

ಹಾಗಾದರೆ ಎಲ್ಲರೂ ಕಾಯಂಗೇ ಹೋಗಲಿ ಅಂದರೆ, ಹುದ್ದೆ ಎಲ್ಲಿದೆ ಸ್ವಾಮಿ? ಕರೆಯೋದೇ ವರ್ಷಗಳಿಗೊಮ್ಮೆ, ಕರೆದಾಗ ಒಂದು ಹುದ್ದೆಗೆ ನೂರಾರು ಅರ್ಜಿ, ಲಿಖಿತ ಪರೀಕ್ಷೆಯಲ್ಲಿ ಕಂಪ್ಯೂಟರ್ ಸೈನ್ಸ್ ಜೊತೆಗೆ ಜನರಲ್ ನಾಲೆಡ್ಜೂ ಕೇಳ್ತಾರೆ. ವಯಸ್ಸಿನ ಮಿತಿ ಬೇರೆ. ಪ್ರಾಜೆಕ್ಟಿನಿಂದ ಪ್ರಾಜೆಕ್ಟಿಗೆ ಹಾರುತ್ತಾ ಆರಾಮಾಗಿ ಇದ್ದವರು ಒಂದು ದಿನ ಜಾಹೀರಾತು ತೆರೆದರೆ ಮಿತಿ ದಾಟಿರುತ್ತೆ. ಇನ್ನೊಂದು ತೊಡಕು ಅನುಭವದ ಲೆಕ್ಕ. ಮೇಲಿನ ಹುದ್ದೆಗೆ 'ಇಂಥ ಲೆವೆಲ್ಲಿನಲ್ಲಿ ಅಥವಾ ಸಮಾನ ವೇತನದಲ್ಲಿ ಇಷ್ಟು ವರ್ಷ' ಅಂತ ಕೇಳಿದಾಗ ಕನ್ಸಾಲಿಡೇಟೆಡ್, ಅಂದರೆ ಲೆವೆಲ್ ಇಲ್ಲದೆ ಒಟ್ಟಾಗಿ ಕೊಡೋ ಸಂಬಳದ ವರ್ಷಗಳನ್ನು ಎಣಿಸಬೇಕೋ ಬಿಡಬೇಕೋ ಅನ್ನೋದು ಪರಿಶೀಲನಾ ಸಮಿತಿಯ ಮರ್ಜಿ. ಅನುಭವ ಪತ್ರದಲ್ಲಿ ಸಂಬಳದ ಅಂಕಿ, ಪೂರ್ತಿ ತಾರೀಕು, ಮಾಡಿದ ಕೆಲಸದ ವಿವರ ಮೂರೂ ಬರೆಸಿಕೊಳ್ಳಿ. ಸುಮ್ನೆ 'ಇವರ ನಡತೆ ಉತ್ತಮ' ಅನ್ನೋ ಪತ್ರದಿಂದ ಏನೂ ಆಗಲ್ಲ.

ಏಜೆನ್ಸಿ ಮೂಲಕ

ಇದನ್ನು ನಾನು ಕೊನೆಗೆ ಇಡ್ತೀನಿ, ಬೇರೆ ಏನೂ ಸಿಗದಿದ್ದಾಗ. ಔಟ್‌ಸೋರ್ಸ್ ಕಂಪನಿ ನಿಮ್ಮನ್ನು ನೇಮಿಸುತ್ತೆ, ವಿವಿಗೆ ಬಿಲ್ ಕಳಿಸುತ್ತೆ. ಆ ಬಿಲ್ಲಿನಲ್ಲಿ ಏಜೆನ್ಸಿ ಕಮಿಷನ್ನು, ಇಡೀ ಬಿಲ್ಲಿನ ಮೇಲೆ ಶೇ 18 ಜಿಎಸ್‌ಟಿ ಸೇರಿರುತ್ತೆ. ವಿವಿ ಕೊಡೋ ದುಡ್ಡಿಗೂ ನಿಮ್ಮ ಕೈಗೆ ಬರೋದಕ್ಕೂ ಇರುವ ಅಂತರ ನೋಡಿದರೆ ಹೊಟ್ಟೆ ಉರಿಯುತ್ತೆ. ಒಳ್ಳೇ ಅಂಶ ಒಂದಿದೆ: ಪಿಎಫ್ ಇರುತ್ತೆ. ಆದರೆ ಬಹಳ ಸಲ ಕಾನೂನಿನ ಕನಿಷ್ಠ ಲೆಕ್ಕದಲ್ಲಿ, 15,000ದ ಶೇ 12, ಅಂದರೆ 1,800. ಆಫರ್ ಲೆಟರಿನಲ್ಲಿ ಸಿಟಿಸಿ (ನಿಮಗಾಗಿ ಕಂಪನಿಗೆ ತಗಲೋ ಒಟ್ಟು ಖರ್ಚು) ಅಂತ ಬರೆದು ಮಾಲೀಕರ ಪಾಲಿನ ಪಿಎಫ್ಫನ್ನೂ ನಿಮ್ಮ ಸಂಬಳದ ಒಳಗೇ ತುರುಕಿರುತ್ತಾರೆ, ಅದನ್ನು ಕಳೆದು ನೋಡಿ. ರಾಜ್ಯದ ವಿವಿಗಳಲ್ಲಿ ಕಂಪ್ಯೂಟರ್ ಕೆಲಸಕ್ಕೆ ಬಹುಪಾಲು ಇದೇ ದಾರಿ, ಟೆಂಡರ್ ಬದಲಾದಾಗ ಏಜೆನ್ಸಿ ಬದಲು, ಜನ ಅವರೇ, ಸೇವೆ ಮಾತ್ರ ಹೊಸದಾಗಿ ಶುರು.

ಕ್ಯಾಂಪಸ್ಸಿನ ಒಳಗೇ ಇರೋ ಕಂಪನಿಗಳು

ಇದು ಹೆಚ್ಚು ಜನಕ್ಕೆ ಗೊತ್ತಿಲ್ಲದ ಬಾಗಿಲು. ಕೇಂದ್ರ 2018ರಲ್ಲಿ ಸೈಬರ್ ಫಿಸಿಕಲ್ ಸಿಸ್ಟಮ್ಸ್ ಅಂತ ಒಂದು ರಾಷ್ಟ್ರೀಯ ಮಿಷನ್‌ಗೆ 3,660 ಕೋಟಿ ಮಂಜೂರು ಮಾಡಿತು, ಅದರಡಿ ದೇಶದ 25 ಕಡೆ ಹಬ್‌ಗಳು ಬಂದವು. ಐಐಎಸ್‌ಸಿಯ ಆರ್ಟ್‌ಪಾರ್ಕ್ ಅದರಲ್ಲೊಂದು, ಟ್ರಿಪಲ್ ಐಟಿ ಬೆಂಗಳೂರಿನ ಕಾಮೆಟ್ ಇನ್ನೊಂದು. ಇವು ಲಾಭಕ್ಕಲ್ಲದ ಕಂಪನಿಗಳು. ಇಂಥ ಕಡೆ ಸಂಬಳ ವೇತನ ಆಯೋಗದ ಪಟ್ಟಿಗೆ ಕಟ್ಟುಬಿದ್ದಿರಲ್ಲ, ಮಾತಾಡಿ ಏರಿಸಿಕೊಳ್ಳೋಕೆ ಜಾಗ ಇರುತ್ತೆ. ಖಾಸಗಿ ಕಂಪನಿ ಕೊಟ್ಟ ದುಡ್ಡಿನಲ್ಲಿ, ಸಿಎಸ್‌ಆರ್ ದುಡ್ಡಿನಲ್ಲಿ ನಡೆಯೋ ಪ್ರಾಜೆಕ್ಟುಗಳಲ್ಲೂ ಹಾಗೇ. ಆದರೆ ಕಾಯಂ ಅನ್ನೋ ಮಾತು ಇಲ್ಲೂ ಇಲ್ಲ. ಐದು ವರ್ಷದ ಅನುದಾನ ಮುಗಿದ ಮೇಲೆ ಯಾರು ಕೊಡ್ತಾರೆ ಅಂತ ಕೇಳಿಕೊಳ್ಳಿ.

ಐಟಿ ಕಂಪನಿ ಜೊತೆ ಹೋಲಿಸಿದರೆ

ಶುರುವಿನಲ್ಲಿ ಲ್ಯಾಬ್ ಕೆಲಸವೇನೂ ಹಿಂದೆ ಬಿದ್ದಿಲ್ಲ, ಇದನ್ನು ಯಾರೂ ಹೇಳಲ್ಲ. ದೊಡ್ಡ ಸರ್ವಿಸ್ ಕಂಪನಿಗಳು ಹೊಸಬರಿಗೆ ಕೊಡೋದು ವರ್ಷಗಳಿಂದ ಮೂರೂವರೆ ಲಕ್ಷದ ಆಸುಪಾಸಿನಲ್ಲೇ ನಿಂತಿದೆ. 2020ರ ಪ್ರಾಜೆಕ್ಟ್ ದರದ 31,000 ಮತ್ತು ಎಚ್‌ಆರ್‌ಎ ಸೇರಿದರೆ ಬೆಂಗಳೂರಿನಲ್ಲಿ 40,300, ವರ್ಷಕ್ಕೆ 4.8 ಲಕ್ಷ. ಗೇಟ್ ಆಗದವರಿಗೂ 25,000ದ ಲೆಕ್ಕದಲ್ಲಿ 3.9 ಲಕ್ಷ. ಆದರೆ ನಾಲ್ಕನೇ ವರ್ಷಕ್ಕೆ ಬನ್ನಿ, ಕಂಪನಿ ಬದಲಾಯಿಸಿದ ಗೆಳೆಯ ಎಲ್ಲೋ ಇರ್ತಾನೆ, ನೀವು ಅಸೋಸಿಯೇಟ್-1ರಿಂದ 2ಕ್ಕೆ ಬಂದಿರ್ತೀರಿ.

ಬದಲಿಗೆ ಸಿಗೋದೇನು? ಐಐಎಸ್‌ಸಿಯ ಪರಮ್ ಪ್ರವೇಗ ಅನ್ನೋ ಸೂಪರ್‌ಕಂಪ್ಯೂಟರ್ ಇದೆ, ವೇಗ 3.3 ಪೆಟಾಫ್ಲಾಪ್ಸ್, ರಾಷ್ಟ್ರೀಯ ಸೂಪರ್‌ಕಂಪ್ಯೂಟಿಂಗ್ ಮಿಷನ್ ಅಡಿ 2022ರಲ್ಲಿ ಬಂದದ್ದು. ಅಂಥ ಮೆಷಿನ್ ಮೇಲೆ ಜಾಬ್ ಕ್ಯೂ ಹೇಗೆ ಹಂಚಬೇಕು, ಸಾವಿರಾರು ಕೋರ್‌ಗಳಲ್ಲಿ ಓಡಬೇಕಾದ ಕೋಡು ನಾಲ್ಕನೇ ನೋಡ್‌ಗೇ ಯಾಕೆ ಏದುಸಿರು ಬಿಡ್ತಿದೆ ಅಂತ ಹುಡುಕೋದು ಯಾವ ಕೋರ್ಸೂ ಕಲಿಸಲ್ಲ. ಸ್ಲರ್ಮ್, ಎಂಪಿಐನಂಥ ಕ್ಲಸ್ಟರ್ ಸಾಫ್ಟ್‌ವೇರ್, ಜಿಪಿಯು ಕ್ಲಸ್ಟರ್ ಕೈಯಾರೆ ನಡೆಸಿದವರಿಗೆ ಈಗ ಎಐ ಕಂಪನಿಗಳಲ್ಲಿ ಒಳ್ಳೇ ಬೇಡಿಕೆ. ಆದರೆ ಎಲ್ಲ ಲ್ಯಾಬೂ ಹಾಗಿರಲ್ಲ, ಗೊತ್ತಲ್ವಾ. ಎಷ್ಟೋ ಕಡೆ ಹೆಸರಿಗೆ ರಿಸರ್ಚ್ ಕಂಪ್ಯೂಟಿಂಗು, ಮಾಡೋದು ಪ್ರಿಂಟರ್ ರಿಪೇರಿ, ವೆಬ್‌ಸೈಟ್ ಅಪ್‌ಡೇಟು, ಸೆಮಿನಾರಿಗೆ ಪ್ರೊಜೆಕ್ಟರ್ ಹಚ್ಚೋದು. ಅಂಥ ಕಡೆ ಕಮ್ಮಿ ಸಂಬಳಕ್ಕೆ ಕಲಿಕೆಯ ನೆಪವೂ ಉಳಿಯಲ್ಲ.

ತೆರಿಗೆ ಬಗ್ಗೆ ಒಂದೇ ಮಾತು. ನಿಮ್ಮ ದುಡ್ಡನ್ನು ಸಂಬಳ ಅಂತ ಕೊಡ್ತಾರಾ, ವೃತ್ತಿ ಶುಲ್ಕ ಅಂತ ಕೊಡ್ತಾರಾ ತಿಳಿದುಕೊಳ್ಳಿ. ಎರಡನೆಯದಾದರೆ ಶೇ 10 ಟಿಡಿಎಸ್ ಹಿಡಿದೇ ಕೊಡ್ತಾರೆ. ಹೊಸ ಪದ್ಧತಿಯಲ್ಲಿ 12 ಲಕ್ಷದವರೆಗಿನ ಆದಾಯಕ್ಕೆ ತೆರಿಗೆ ಇಲ್ಲದಿರೋದರಿಂದ ಅದು ವಾಪಸ್ ಬರುತ್ತೆ, ರಿಟರ್ನ್ ಹಾಕಿದರೆ ಮಾತ್ರ.

ಹೊರದೇಶ

ಹೊರಗೆ ಹೋಗೋ ಯೋಚನೆ ಇರೋ ನಮ್ಮವರಿಗೆ ಮೂರು ದೇಶದ ಮಾತು ಸಾಕು. ಜರ್ಮನಿಯ ರಾಜ್ಯ ವಿವಿಗಳಲ್ಲಿ ಬಹುಪಾಲು ಟಿವಿ-ಎಲ್ ಅನ್ನೋ ಪಟ್ಟಿ ನಡೆಯುತ್ತೆ, ಯಾರು ಬೇಕಾದರೂ ತೆರೆದು ನೋಡಬಹುದು. ಮಾಸ್ಟರ್ಸ್ ಆದವರ ಕೆಲಸ ಸಾಮಾನ್ಯವಾಗಿ ಇ13 ಶ್ರೇಣಿ, ಮೊದಲ ಹಂತಕ್ಕೆ 2025ರ ದರದಲ್ಲಿ ತಿಂಗಳಿಗೆ ಸುಮಾರು 4,600 ಯೂರೋ, ತೆರಿಗೆ ವಿಮೆ ಹಿಡಿಯೋ ಮುಂಚೆ. ಒಂದು ವರ್ಷಕ್ಕೆ ಎರಡನೇ ಹಂತ, ಮತ್ತೆರಡು ವರ್ಷಕ್ಕೆ ಮೂರನೇದು. ಭಾರತದಲ್ಲಿ ಮಾಡಿದ ಕೆಲಸವನ್ನು ಅನುಭವ ಅಂತ ಒಪ್ಪಿಸಿದರೆ ಮೇಲಿನ ಹಂತದಲ್ಲೇ ಶುರು ಮಾಡಬಹುದು, ಆದರೆ ಈ ಚೌಕಾಸಿ ಸಹಿ ಹಾಕೋ ಮುಂಚೆ ಆಗಬೇಕು. ಅಲ್ಲೂ ವಿಜ್ಞಾನದ ಹುದ್ದೆಗಳಿಗೆ ಪಿಎಚ್‌ಡಿಗೆ ಮುಂಚೆ ಆರು ವರ್ಷ, ಆಮೇಲೆ ಆರು ವರ್ಷ ಅನ್ನೋ ತಾತ್ಕಾಲಿಕ ನೇಮಕಾತಿಯ ಮಿತಿ ಇದೆ, ನಿಮ್ಮನ್ನು ಆ ಕಾನೂನಿನಡಿ ಹಾಕ್ತಾರಾ ಅಥವಾ ತಾಂತ್ರಿಕ ಸಿಬ್ಬಂದಿ ಅಂತ ತಗೋತಾರಾ ಅನ್ನೋದೇ ಮುಖ್ಯ ಪ್ರಶ್ನೆ.

ಬ್ರಿಟನ್ನಿನಲ್ಲಿ ಒಂದು ವೇತನ ಏಣಿ, ಬಹುಪಾಲು ವಿವಿಗಳಿಗೆಲ್ಲ ಅದೇ. ಸಮಸ್ಯೆ ಇರೋದು ವೀಸಾದಲ್ಲಿ. 2025ರ ಜುಲೈಯಿಂದ ಸ್ಕಿಲ್ಡ್ ವರ್ಕರ್ ವೀಸಾಗೆ ಸಾಮಾನ್ಯ ಮಿತಿ 41,700 ಪೌಂಡು, ಕೆಲವರಿಗೆ ರಿಯಾಯಿತಿ ಉಂಟು. ಕೆಳಗಿನ ಗ್ರೇಡಿನ ಕೆಲಸ ಆ ಗೆರೆ ಮುಟ್ಟದೇ ಹೋಗಬಹುದು. ಹಳೇ ವಿವಿಗಳಲ್ಲಿ ಯುಎಸ್‌ಎಸ್ ಪೆನ್ಷನ್ನಿಗೆ ಶೇ 14.5 ವಿವಿ ಹಾಕುತ್ತೆ, ಇದನ್ನು ಸಂಬಳದ ಜೊತೆ ಸೇರಿಸಿಯೇ ಹೋಲಿಸಿ.

ಅಮೆರಿಕದಲ್ಲಿ ವಿವಿಗಳ ಎಚ್-1ಬಿ ಕೆಲಸದ ವೀಸಾಗೆ ಲಾಟರಿ ಇಲ್ಲ, ವರ್ಷದ ಮಿತಿಯಿಂದ ವಿನಾಯಿತಿ. ಇದೊಂದೇ ಕಾರಣಕ್ಕೆ ಕಂಪನಿಗಿಂತ ಕಮ್ಮಿ ಸಂಬಳಕ್ಕೆ ವಿವಿ ಸೇರಿದವರು ಎಷ್ಟೋ ಜನ. ಆದರೆ 2025ರ ಸೆಪ್ಟೆಂಬರ್‌ನಲ್ಲಿ ಹೊರಗಿನಿಂದ ಬರುವವರ ಹೊಸ ಅರ್ಜಿಗೆ 1 ಲಕ್ಷ ಡಾಲರ್ ಶುಲ್ಕ ಅಂತ ಘೋಷಣೆಯಾದ ಮೇಲೆ, ಇಲ್ಲಿ ಕೂತು ಅರ್ಜಿ ಹಾಕೋರಿಗೆ ಆ ಬಾಗಿಲು ಬಹಳ ಕಿರಿದಾಗಿದೆ. ಅಲ್ಲೇ ಓದುತ್ತಿರುವವರ ಮಾತು ಬೇರೆ. ಅವರಿಗೊಂದು ಉಪಕಾರಿ ಸಂಗತಿ: ಕ್ಯಾಲಿಫೋರ್ನಿಯಾದಂಥ ಹಲವು ರಾಜ್ಯಗಳಲ್ಲಿ ಸರಕಾರಿ ವಿವಿ ನೌಕರರ ಸಂಬಳ ಸಾರ್ವಜನಿಕ ದಾಖಲೆ. ಆಫರ್ ಬಂದ ವಿಭಾಗದಲ್ಲಿ ಅದೇ ಹುದ್ದೆಯವರು ಎಷ್ಟು ತಗೋತಿದ್ದಾರೆ ನೋಡಿಕೊಂಡೇ ಮಾತಿಗೆ ಕೂರಬಹುದು.

ನನ್ನನ್ನು ಕೇಳಿದರೆ

26ರ ಒಳಗಿದ್ದೀರಿ, ಗೇಟ್ ಇದೆ, ಲ್ಯಾಬಿನಲ್ಲಿ ನಿಜವಾದ ಕ್ಲಸ್ಟರ್ ಇದೆ ಅಂದರೆ ಪ್ರಾಜೆಕ್ಟ್ ಹುದ್ದೆ ಕಣ್ಣು ಮುಚ್ಚಿ ಸೇರಿ, ಎರಡು ವರ್ಷ, ಜಾಸ್ತಿ ಅಂದರೆ ಮೂರು. ಆ ಅವಧಿಯಲ್ಲಿ ಕಾಯಂ ಹುದ್ದೆಯ ಜಾಹೀರಾತು ಬಂದರೆ ಎಷ್ಟೇ ಚಿಕ್ಕ ಲೆವೆಲ್ ಆದರೂ ಅರ್ಜಿ ಹಾಕಿ, ಲೆವೆಲ್ 6ರ ಲೆಕ್ಕ ಮೇಲೆ ನೋಡಿದಿರಲ್ಲ. ನಾಲ್ಕನೇ ಮುಂದುವರಿಕೆ ಬಂದಾಗ ಬೇಡ ಅನ್ನಿ, ಆಗ ಹೊರಗೆ ನಿಮ್ಮ ಬೆಲೆ ಒಳಗಿಗಿಂತ ಜಾಸ್ತಿ ಇರುತ್ತೆ. ಮನೆ ಜವಾಬ್ದಾರಿ ಹೆಗಲ ಮೇಲಿದೆ, ತಿಂಗಳು ತಪ್ಪಿದರೆ ಇಎಂಐ ತಪ್ಪುತ್ತೆ ಅನ್ನೋರು ಪ್ರಾಜೆಕ್ಟಿಗೆ ಬರಬೇಡಿ, ಕಂಪನಿಯಲ್ಲೇ ಇದ್ದು ಕಾಯಂ ಹುದ್ದೆಗೆ ಓದಿಕೊಳ್ಳಿ. ಮದುವೆಯಾಗಿ ಊರಿಗೆ ಹತ್ತಿರ ಇರಬೇಕು ಅನ್ನೋರಿಗೆ ಸುರತ್ಕಲ್, ಧಾರವಾಡದ ಕೇಂದ್ರ ಸಂಸ್ಥೆಗಳು ಬೆಂಗಳೂರಿಗಿಂತ ಒಳ್ಳೇದು, ಎಚ್‌ಆರ್‌ಎ ಶೇ 10 ಕಮ್ಮಿ ಬಂದರೂ ಬಾಡಿಗೆಯಲ್ಲಿ ಅದಕ್ಕಿಂತ ಜಾಸ್ತಿ ಉಳಿಯುತ್ತೆ.

ಹೂಂ ಅನ್ನೋ ಮುಂಚೆ ಇಮೇಲ್‌ನಲ್ಲಿ ಇಷ್ಟು ಬರೆಸಿಕೊಳ್ಳಿ, ಬಾಯಿಮಾತು ಬೇಡ: ಪ್ರಾಜೆಕ್ಟ್ ಮುಗಿಯೋ ತಾರೀಕು, ಈ ವರ್ಷದ ಕಂತು ಬಂದಿದೆಯಾ ಇಲ್ಲವಾ, ಎಚ್‌ಆರ್‌ಎ ಸೇರಿಸಿ ಹೇಳಿದ ಅಂಕಿಯಾ ಬಿಟ್ಟು ಹೇಳಿದ್ದಾ, ರಜೆ ಎಷ್ಟು, ಬಿಡೋದಾದರೆ ಎಷ್ಟು ದಿನದ ನೋಟಿಸು. ಪೇಪರಿನಲ್ಲಿ ನಿಮ್ಮ ಹೆಸರು ಲೇಖಕರ ಸಾಲಿನಲ್ಲಿ ಬರುತ್ತಾ, ಕೊನೆಯ ಕೃತಜ್ಞತೆಯಲ್ಲಾ ಅಂತಲೂ ಈಗಲೇ ಮಾತಾಡಿ. ಅದಕ್ಕೆ ಸಂಬಳ ಬರಲ್ಲ, ಆದರೆ ಜರ್ಮನಿಗೋ ಬ್ರಿಟನ್ನಿಗೋ ಅರ್ಜಿ ಹಾಕುವಾಗ ನಿಮ್ಮ ಕೋಡಿಗೆ ಇರೋ ಸಾಕ್ಷಿ ಅದೊಂದೇ.